ಅರ್ಥ್ ಎಲ್ಲಿದೆ ನೋಡಿ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ಹಿಂದಿನ ರಾತ್ರಿ ಜಯನಗರದ ಮೇಲೆ ಆಕಾಶವೇ ಹರಿದು ಬಿದ್ದಂತೆ ಮಳೆ. ಐದನೇ ಬ್ಲಾಕಿನ ನಮ್ಮ ರಸ್ತೆಯಲ್ಲಿ ಮಳೆಮರದ ಕೆಳಗೆ ನಿಲ್ಲಿಸಿದ್ದ ಕಾರಿನ ಮೈಗೆಲ್ಲ ಸಣ್ಣ ಸಣ್ಣ ಎಲೆ ಅಂಟಿಕೊಂಡಿತ್ತು. ಗಾಜು ಒರೆಸಿ ಹೊರಟೆ. ಸೌತ್ ಎಂಡ್ ಸರ್ಕಲ್ ತಲುಪುವಷ್ಟರಲ್ಲಿ ಮತ್ತೆ ತುಂತುರು. ವೈಪರ್ ಹಾಕಿದೆ. ಗಾಜಿಗೆ ಮಬ್ಬು ಹಿಡಿಯಿತು, ಬ್ಲೋವರ್ ಹಾಕಿದೆ. ಕತ್ತಲೆ ಕವಿದಿತ್ತು, ಹೆಡ್‌ಲೈಟೂ ಹಾಕಿದೆ. ಅಷ್ಟೇ. ಮೀಟರ್ ಬೋರ್ಡಿನ ತುಂಬ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಹತ್ತಿಕೊಂಡಿತು.

ಎಬಿಎಸ್ ದೀಪ, ಸ್ಟಿಯರಿಂಗ್ ದೀಪ, ಏರ್‌ಬ್ಯಾಗ್ ದೀಪ, ಬ್ಯಾಟರಿ ದೀಪ ಎಲ್ಲವೂ ಒಟ್ಟಿಗೆ. ಹಿಂದಿನ ದಿನ ತಾನೇ ಟ್ಯಾಂಕ್ ತುಂಬಿಸಿದ್ದೆ, ಪೆಟ್ರೋಲ್ ಮುಳ್ಳು ತಳಕ್ಕೆ ಬಿದ್ದಿತ್ತು. ಸ್ಪೀಡೋಮೀಟರ್ ಮುಳ್ಳು ಒಮ್ಮೆ ಮೈ ಝಾಡಿಸಿಕೊಂಡು ಸೊನ್ನೆಗೆ ಇಳಿಯಿತು. ಕಾರು ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು. ಬನಶಂಕರಿ ದೇವಸ್ಥಾನದ ಹತ್ತಿರ ಬರುವಾಗ ಮಳೆ ನಿಂತು ವೈಪರ್ ಆರಿಸಿದೆ, ಹೆಡ್‌ಲೈಟ್ ಆರಿಸಿದೆ. ಒಂದೊಂದಾಗಿ ದೀಪಗಳೂ ಆರಿದವು. ಮುಳ್ಳುಗಳು ಎದ್ದು ತಮ್ಮ ಜಾಗಕ್ಕೆ ಹೋಗಿ ಕೂತವು.

ಮರುದಿನ ಸರ್ವೀಸ್ ಸೆಂಟರಿಗೆ ಬಿಟ್ಟೆ. ಸ್ಕ್ಯಾನರ್ ಚುಚ್ಚಿದರು. ಸಂಜೆ ಫೋನ್ ಬಂತು: "ಸಾರ್, ಮೀಟರ್ ಕನ್ಸೋಲ್ ಹೋಗಿದೆ. ಚೇಂಜ್ ಮಾಡಬೇಕು. ಲೇಬರ್ ಸೇರಿ 32,000 ಆಗತ್ತೆ." ಹನ್ನೊಂದು ವರ್ಷದ ಕಾರು. ಮಾರಿದರೆ ಎಷ್ಟು ಬಂದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಬೇಡ, ಹಾಗೇ ಕೊಡಿ" ಎಂದೆ. ಎಸ್ಟಿಮೇಟಿನ ಕಾಗದವನ್ನು ಮಡಿಸಿ ಗ್ಲೋವ್ ಬಾಕ್ಸಿನಲ್ಲಿಟ್ಟೆ.

ಬಿಟಿಎಂ ಲೇಔಟಿನ ತಾವರೆಕೆರೆ ಮುಖ್ಯರಸ್ತೆಯಿಂದ ಒಳಕ್ಕೆ ಹೊಕ್ಕರೆ ಒಂದೂವರೆ ಕಾರು ಹಿಡಿಯುವಷ್ಟು ಜಾಗದ ಒಂದು ಶೆಡ್ಡು ಇದೆ. ಅಲ್ಲೊಬ್ಬ ಹಿರಿಯ ಎಲೆಕ್ಟ್ರಿಷಿಯನ್. ಸ್ನೇಹಿತರೊಬ್ಬರು ಕಳಿಸಿದರು. ನಾನು ಹೋಗಿ "ಮೀಟರ್ ಹೋಗಿದೆಯಂತೆ" ಎಂದೆ. ಅವರು ಮೀಟರಿನ ಕಡೆ ನೋಡಲೂ ಇಲ್ಲ.

"ಮೊದಲು ಯಾವ ಲೈಟು ಬಂತು ಸಾರ್?"

ನೆನಪಿಲ್ಲ ಎಂದೆ.

"ಆಗ ಗಾಡೀಲಿ ಏನೇನು ಆನ್ ಇತ್ತು?"

ವೈಪರ್, ಬ್ಲೋವರ್, ಹೆಡ್‌ಲೈಟ್.

"ಎಲ್ಲಾ ಒಂದೇ ಸಲ ಬಂತಾ, ಒಂದಾದ ಮೇಲೆ ಒಂದಾ? ಮಳೆ ಬಂದ ಮೇಲೇನಾ, ಮುಂಚೆನೂ ಇತ್ತಾ? ಈಚೆಗೆ ಸೀಟ್ ಕವರು, ಹಾರ್ನು, ಕ್ಯಾಮೆರಾ ಏನಾದ್ರೂ ಹಾಕಿಸಿದ್ರಾ?"

ಹಳೆಯ ಕಾಲದ ಡಾಕ್ಟರು ನಾಡಿ ಹಿಡಿಯುವ ಮುಂಚೆ "ರಾತ್ರಿ ಏನು ಊಟ ಮಾಡಿದ್ರಿ" ಎಂದು ಕೇಳುತ್ತಿದ್ದ ಹಾಗೆ. ಸರ್ವೀಸ್ ಸೆಂಟರಿನಲ್ಲಿ ಇವುಗಳಲ್ಲಿ ಒಂದು ಪ್ರಶ್ನೆಯನ್ನೂ ಯಾರೂ ನನ್ನನ್ನು ಕೇಳಿರಲಿಲ್ಲ.

ಈ ಕಸುಬಿನ ಮೊದಲ ಪಾಠ ಅವತ್ತು ಆ ಶೆಡ್ಡಿನ ಸ್ಟೂಲಿನ ಮೇಲೆ ಕೂತು ಕಲಿತೆ. ಒಂದೇ ಒಂದು ಮುಳ್ಳು ತಪ್ಪು ತೋರಿಸಿದರೆ ದೋಷ ಆ ಮುಳ್ಳಿನ ಮನೆಯದ್ದು: ಅದರ ಸೆನ್ಸರ್, ಅದರ ವೈರು, ಅದರ ಕಪ್ಲರು. ನಾಲ್ಕಾರು ಒಟ್ಟಿಗೆ ಕೆಟ್ಟರೆ ಅವುಗಳಲ್ಲಿ ಯಾವುದೂ ಕೆಟ್ಟಿಲ್ಲದೆ ಇರುವ ಸಂಭವವೇ ಹೆಚ್ಚು. ಎಲ್ಲಕ್ಕೂ ಸಾಮಾನ್ಯವಾದದ್ದು ಯಾವುದು ಎಂದು ಹುಡುಕಬೇಕು. ಒಂದು ಫ್ಯೂಸ್, ಒಂದು ಸಪ್ಲೈ ವೈರು, ಇಲ್ಲವೇ ಒಂದು ಅರ್ಥ್, ಅಂದರೆ ಕರೆಂಟು ವಾಪಸು ಬರುವ ದಾರಿ. ಬೀದಿಯಲ್ಲಿ ಒಂದು ಮನೆಗೆ ನೀರು ಬರದಿದ್ದರೆ ಅವರ ನಲ್ಲಿ ನೋಡುತ್ತೇವೆ. ಇಡೀ ಬೀದಿಗೆ ಬರದಿದ್ದರೆ ಯಾರೂ ನಲ್ಲಿ ಬಿಚ್ಚಲು ಕೂರುವುದಿಲ್ಲವಲ್ಲ.

ಮೀಟರ್ ಬೋರ್ಡಿನ ಚಿತ್ರಗಳ ಬಗ್ಗೆ ಒಂದು ಮಾತು. ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡ ಇವುಗಳ ಆಕಾರವನ್ನು ಗೊತ್ತುಮಾಡಿದೆ. ಬರೆದವರು ಯಾವ ದೇಶದವರೋ, ನಮ್ಮ ಕಣ್ಣಿಗೆ ಅವು ಬೇರೆಯೇ ಆಗಿ ಕಾಣುತ್ತವೆ. ಆಯಿಲ್ ಪ್ರೆಷರಿನ ದೀಪ ನನಗೆ ಯಾವತ್ತೂ ತೊಟ್ಟಿಕ್ಕುವ ಗಿಂಡಿ. ಇಂಜಿನ್ ದೀಪವನ್ನು ನಮ್ಮ ಮನೆಯಾಕೆ "ಪಂಪ್‌ಸೆಟ್ಟು" ಎನ್ನುತ್ತಾಳೆ. ಮಂಡ್ಯದ ಕಡೆಯವಳು, ಹಾಗೆ ಕಂಡರೆ ತಪ್ಪೇನಿಲ್ಲ. ಬಣ್ಣದ ಲೆಕ್ಕ ಸುಲಭ. ಕೆಂಪು ಬಂದರೆ ಈಗಲೇ ನಿಲ್ಲಿಸು, ಹಳದಿ ಬಂದರೆ ಬೇಗ ತೋರಿಸು, ಹಸಿರು ನೀಲಿ ಬರೀ ಸಮಾಚಾರ. ಗಿಂಡಿ ಕೆಂಪಾಗಿ ಹತ್ತಿದರೆ "ಮನೆ ಇನ್ನೇನು ಎರಡು ಕಿಲೋಮೀಟರ್" ಎನ್ನುವ ಮಾತೇ ಬೇಡ. ಆಯಿಲ್ ಒತ್ತಡವಿಲ್ಲದೆ ಓಡಿದ ಆ ಎರಡು ಕಿಲೋಮೀಟರಿನಲ್ಲಿ ಇಂಜಿನ್ನಿನ ಬೇರಿಂಗ್ ಹೋಗಿರುತ್ತದೆ. ಪಂಪ್‌ಸೆಟ್ಟು ಸುಮ್ಮನೆ ಹಳದಿಯಾಗಿ ಉರಿಯುತ್ತಿದ್ದರೆ ಭಯವಿಲ್ಲ. ಅದೇ ಮಿಟುಕುತ್ತಿದ್ದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ಹಸಿ ಪೆಟ್ರೋಲನ್ನು ಸೈಲೆನ್ಸರ್ ಕಡೆಗೆ ತಳ್ಳುತ್ತಿದೆ ಎಂದರ್ಥ. ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ, ಅದರ ಬೆಲೆ ಕೇಳಿದರೆ ನಮಗೂ ಸುಡುತ್ತದೆ.

ಹತ್ತಿದ ದೀಪಕ್ಕೆ ಎಲ್ಲರೂ ಹೆದರುತ್ತಾರೆ. ಹೆದರಬೇಕಾದದ್ದು ಹತ್ತದ ದೀಪಕ್ಕೆ. ಕೀ ತಿರುಗಿಸಿ, ಇಂಜಿನ್ ಚಾಲೂ ಮಾಡುವ ಮೊದಲು ಒಂದು ಕ್ಷಣ ನಿಂತರೆ ಎಚ್ಚರಿಕೆಯ ದೀಪಗಳು ಹತ್ತಿ ತಮ್ಮ ಹಾಜರಿ ಹೇಳಬೇಕು. ಗಿಂಡಿಯ ದೀಪದ್ದು ಸರಳ ಏರ್ಪಾಡು. ಇಂಜಿನ್ನಿನ ಮೈಗೆ ತಿರುಪಿದ ಒಂದು ಪುಟ್ಟ ಸ್ವಿಚ್ಚು, ಒತ್ತಡವಿಲ್ಲದಾಗ ಕೂಡಿಕೊಂಡೇ ಇರುತ್ತದೆ. ಆಯಿಲ್ ಬಂದು ಒತ್ತಿದರೆ ಬಿಟ್ಟುಕೊಳ್ಳುತ್ತದೆ, ದೀಪ ಆರುತ್ತದೆ. ಆ ಸ್ವಿಚ್ಚಿನ ವೈರು ಕಳಚಿಬಿದ್ದರೆ ದೀಪ ಎಂದೂ ಹತ್ತುವುದಿಲ್ಲ. ಓಡಿಸುವವನಿಗೆ ಎಲ್ಲವೂ ಸರಿಯಿದೆಯೆಂಬ ನೆಮ್ಮದಿ, ಆಯಿಲ್ ಖಾಲಿಯಾದರೂ ಅದೇ ನೆಮ್ಮದಿ. ಹಳೆ ಕಾರು ಕೊಳ್ಳುವವರು ಟಯರನ್ನು ಒದ್ದು ನೋಡುವುದಕ್ಕಿಂತ ಈ ಹಾಜರಿ ಎಣಿಸುವುದು ಲೇಸು. ಏರ್‌ಬ್ಯಾಗ್ ದೀಪ ಬಂದರೆ ಗಿರಾಕಿ ಓಡಿಹೋಗುತ್ತಾನೆಂದು ಬಲ್ಬನ್ನೇ ಕಿತ್ತು ಮಾರುವ ಮಹನೀಯರಿದ್ದಾರೆ. ಅದಕ್ಕಿಂತ ಚತುರರು ಅದರ ವೈರನ್ನು ಗಿಂಡಿಯ ವೈರಿಗೆ ಕಟ್ಟಿಬಿಡುತ್ತಾರೆ, ಎರಡೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ. ಏರ್‌ಬ್ಯಾಗ್ ದೀಪ ತನ್ನ ಲೆಕ್ಕದಲ್ಲಿ ಕೆಲವು ಸೆಕೆಂಡು ಇದ್ದು ತಾನಾಗಿ ಆರಬೇಕು, ಇಂಜಿನ್ ಚಾಲೂ ಆಗುವುದನ್ನೇ ಕಾದು ಆರಬಾರದು. ಅಷ್ಟು ಗಮನಿಸಿದರೆ ಗುಟ್ಟು ಬಯಲು.

ಶೆಡ್ಡಿಗೆ ವಾಪಸು ಹೋಗೋಣ. ನಮ್ಮ ಯಜಮಾನರು ಕಲಿತದ್ದು ಕಲಾಸಿಪಾಳ್ಯದಲ್ಲಿ, ಅಂಬಾಸಿಡರ್, ಫಿಯಟ್ ಕಾಲದಲ್ಲಿ. ಅವರ ಬಾಯಲ್ಲಿ ಇವತ್ತಿಗೂ ಆಲ್ಟರ್ನೇಟರ್ "ಡೈನಮೋ". ಸ್ಟಾರ್ಟರ್ ಮೋಟಾರು "ಸೆಲ್ಫು". ಗೋಡೆಗೆ ಒಂದು ಹಳೆ ಮಾರುತಿ 800ರ ಮೀಟರ್ ನೇತುಹಾಕಿದ್ದಾರೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿವರೆಗೆ ತಯಾರಾದ ಕಾರು ಅದು. ಜಯನಗರದ ಎಷ್ಟೋ ಮನೆಗಳ ಮೊದಲ ಕಾರು. ಅದನ್ನು ಕೆಳಗಿಳಿಸಿ ಹಿಂಬದಿ ತಿರುಗಿಸಿ ತೋರಿಸಿದರು. ವೈರಿನ ಗೋಜಲೇ ಇಲ್ಲ. ಎಕ್ಸ್‌ರೇ ಫಿಲಂ ಥರದ ಒಂದು ಹಾಳೆ, ಅದರ ಮೇಲೆ ತಾಮ್ರದ ಗೆರೆಗಳು. ಗೆರೆಯ ಮೇಲೆ ಕೂತ ಗುಂಡಿಯಂಥ ಹೋಲ್ಡರುಗಳಲ್ಲಿ ಕಡಲೆಕಾಳಿನಷ್ಟು ಬಲ್ಬುಗಳು. ಕಾಲು ಸುತ್ತು ತಿರುಗಿಸಿದರೆ ಹೊರಕ್ಕೆ.

"ಇದರಲ್ಲಿ ಲೈಟ್ ಬರ್ತಿಲ್ಲ ಅಂದ್ರೆ ಏನು ಮಾಡ್ತಿದ್ವಿ ಗೊತ್ತಾ?" ಎಂದು ಡ್ರಾಯರಿನಿಂದ ಒಂದು ರಬ್ಬರ್ ತೆಗೆದರು. ಮಕ್ಕಳು ಪೆನ್ಸಿಲ್ ಗೀಟು ಅಳಿಸುವ ರಬ್ಬರು. ಕಪ್ಪಾಗಿದ್ದ ತಾಮ್ರದ ಗೆರೆಯ ಮೇಲೆ ನಾಲ್ಕು ಸಲ ಉಜ್ಜಿದರು. ಹೊಸ ಬಿಂದಿಗೆಯ ಬಣ್ಣ ಬಂತು. ಎಪ್ಪತ್ತರ ಹತ್ತಿರದ ಮನುಷ್ಯ ಅದನ್ನು ಬೆಳಕಿಗೆ ಹಿಡಿದು ಒಂದು ನಿಮಿಷ ನೋಡುತ್ತಲೇ ಇದ್ದರು.

ಆ ಕಾಲದ ಮೀಟರುಗಳಲ್ಲಿ ಒಂದೊಂದು ಮುಳ್ಳಿಗೂ ಒಂದೊಂದು ಸ್ವತಂತ್ರ ಸಂಸಾರ. ಸ್ಪೀಡೋಮೀಟರಿಗಂತೂ ವಿದ್ಯುತ್ತೇ ಬೇಡ. ಗೇರ್‌ಬಾಕ್ಸಿನಿಂದ ಬಂದ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದು ಮುಟ್ಟದೆಯೇ ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ, ಬಟ್ಟಲಿಗೆ ಕಟ್ಟಿದ ಕೂದಲೆಳೆಯಂಥ ಸ್ಪ್ರಿಂಗು "ಸಾಕು" ಎನ್ನುತ್ತದೆ. ಮುಳ್ಳು ತೊನೆದಾಡಿದರೆ ಕೇಬಲ್ಲಿಗೆ ಗ್ರೀಸ್ ಬೇಕು, ಅಷ್ಟೇ. ಪೆಟ್ರೋಲ್ ಮುಳ್ಳಿಗೆ ಟ್ಯಾಂಕಿನಲ್ಲೊಂದು ತೇಲು ಬುರುಡೆ. ಅದು ಏರಿಳಿದಂತೆ ಒಂದು ತಂತಿಯ ಮೈಮೇಲೆ ಲೋಹದ ನಾಲಗೆ ಸರಿದಾಡಿ ರೋಧವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಯಾವಾಗಲೂ 500 ರೂಪಾಯಿಯದ್ದೇ ಹಾಕಿಸುವವರ ಕಾರಿನಲ್ಲಿ ನಾಲಗೆ ಟ್ಯಾಂಕಿನ ತಳದ ಅಷ್ಟು ಜಾಗದಲ್ಲೇ ಓಡಾಡಿ ಅಲ್ಲೇ ಸವೆಯುತ್ತದೆ. ಹಾಗಾಗಿ ಮುಳ್ಳು ನೆಟ್ಟಗೆ ಹೇಳಬೇಕಾದ ಹೊತ್ತಿಗೇ ತೊದಲುತ್ತದೆ.

ಅಂಬಾಸಿಡರಿನಂಥ ಬ್ರಿಟಿಷ್ ಮೂಲದ ಕಾರುಗಳಲ್ಲಿ ಇನ್ನೊಂದು ಸ್ವಾರಸ್ಯ. ಪೆಟ್ರೋಲಿನ ಮುಳ್ಳು, ಬಿಸಿಯ ಮುಳ್ಳು ಎರಡಕ್ಕೂ ಸೇರಿ ಒಂದು ವೋಲ್ಟೇಜ್ ಸ್ಟೆಬಿಲೈಜರ್. ಬ್ಯಾಟರಿಯಲ್ಲಿ ಹನ್ನೆರಡಿರಲಿ ಹದಿನಾಲ್ಕಿರಲಿ, ಅದು ಸರಾಸರಿ 10 ವೋಲ್ಟ್ ಮಾತ್ರ ಮುಂದಕ್ಕೆ ಬಿಡಬೇಕು. ಅದರ ಅರ್ಥ್ ಹೋದರೆ ಪೂರ್ತಿ ವೋಲ್ಟೇಜ್ ನುಗ್ಗಿ ಎರಡೂ ಮುಳ್ಳು ಮೇಲಕ್ಕೇರುತ್ತವೆ. ಟ್ಯಾಂಕ್ ತುಂಬಿದೆ, ಇಂಜಿನ್ ಕುದಿಯುತ್ತಿದೆ! ಗೊತ್ತಿಲ್ಲದವನು ರೇಡಿಯೇಟರ್ ಬಿಚ್ಚುತ್ತಾನೆ. ಗೊತ್ತಿದ್ದವನು ಎರಡೂ ಒಟ್ಟಿಗೆ ಏರಿದ್ದನ್ನು ನೋಡಿ ನಗುತ್ತಾನೆ.

ಬ್ಯಾಟರಿಯ ದೀಪದ್ದು ಎಲ್ಲಕ್ಕಿಂತ ಜಾಣ ಕೆಲಸ. ಹಳೆ ಕಾರುಗಳಲ್ಲಿ ಅದರ ಒಂದು ಕಾಲು ಬ್ಯಾಟರಿಯ ಕಡೆ, ಇನ್ನೊಂದು ಕಾಲು ಡೈನಮೋ ಕಡೆ. ಡೈನಮೋ ಸುಮ್ಮನಿದ್ದರೆ ಕರೆಂಟು ಆ ಕಡೆಗೆ ಹರಿದು ದೀಪ ಹತ್ತುತ್ತದೆ. ಅದು ಕೆಲಸ ಶುರು ಮಾಡಿದ ಕೂಡಲೆ ಎರಡೂ ಬದಿಯಲ್ಲಿ ಸಮ ವೋಲ್ಟೇಜ್. ಎರಡು ಕಡೆಯವರೂ ಸಮಬಲದಲ್ಲಿ ಹಗ್ಗ ಎಳೆದರೆ ನಡುವಿನ ಗುರುತು ಅಲ್ಲಾಡದು, ದೀಪ ಆರುತ್ತದೆ. ಇದರಲ್ಲೊಂದು ತಮಾಷೆಯಿದೆ. ಕೆಲವು ಹಳೆ ಗಾಡಿಗಳಲ್ಲಿ ಆ ಪುಟ್ಟ ಬಲ್ಬು ಫ್ಯೂಸಾದರೆ ಡೈನಮೋಗೆ ಮೊದಲ ಗುಟುಕು ಕರೆಂಟೇ ಸಿಗದೆ ಚಾರ್ಜಿಂಗ್ ನಿಂತುಬಿಡುತ್ತಿತ್ತು. ಕಾವಲುಗಾರ ಮಲಗಿದರೆ ಯಜಮಾನನೂ ಮಲಗಿದಂತೆ.

ಇವತ್ತಿನ ಕಾರಿನಲ್ಲಿ ಈ ಸ್ವತಂತ್ರ ಸಂಸಾರಗಳು ಕೂಡು ಕುಟುಂಬವಾಗಿವೆ. ಆ ಏರ್ಪಾಡಿನ ಮೂಲ ನಮ್ಮ ಬಡಾವಣೆಗೆ ಅಷ್ಟೇನೂ ದೂರವಿಲ್ಲ. ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೂರಿನವರ ಬಾಯಲ್ಲಿ "ಮೈಕೋ", 1951ರಲ್ಲಿ ಹುಟ್ಟಿದ್ದು. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಅದರ ಹೆಸರುವಾಸಿ ಸರಕು. 2008ರಲ್ಲಿ ಹೆಸರು ಬಾಷ್ ಎಂದಾಯಿತು. ಬಿಟಿಎಂ ಪಕ್ಕದ ಬಡಾವಣೆ ಮಾತ್ರ ಇನ್ನೂ ಮೈಕೋ ಲೇಔಟೇ. ಅದೇ ಬಾಷಿನ ಜರ್ಮನಿಯ ತಂಡ 1983ರಲ್ಲಿ ಕೈಹಚ್ಚಿ, 1986ರಲ್ಲಿ ಡೆಟ್ರಾಯಿಟಿನ ಸಮ್ಮೇಳನವೊಂದರಲ್ಲಿ ಜಗತ್ತಿನ ಮುಂದಿಟ್ಟದ್ದು ಕ್ಯಾನ್ ಎಂಬ ಪದ್ಧತಿ. ಜಡೆಯಂತೆ ಹೆಣೆದ ಎರಡು ವೈರು. ಇಂಜಿನ್ನಿನ ಕಂಪ್ಯೂಟರು, ಬ್ರೇಕಿನದು, ಏರ್‌ಬ್ಯಾಗಿನದು, ಸ್ಟಿಯರಿಂಗಿನದು, ಮೀಟರಿನದು ಎಲ್ಲವೂ ಆ ಎರಡೇ ವೈರಿನ ಮೇಲೆ ಸರದಿಯಲ್ಲಿ ಮಾತಾಡುತ್ತವೆ. ಮಾತು ಪ್ರತಿಧ್ವನಿಸದಿರಲೆಂದು ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್. ಬ್ಯಾಟರಿ ಕಳಚಿ ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ 60 ಓಮ್ ಬರಬೇಕು. 120 ಬಂದರೆ ಎಲ್ಲೋ ಒಂದು ಕೊಂಡಿ ಕಳಚಿದೆ.

ಈಗಿನ ಸ್ಪೀಡೋಮೀಟರಿಗೆ ಕೇಬಲ್ಲಿಲ್ಲ. ಚಕ್ರದ ಪಕ್ಕದ ಸೆನ್ಸರು ಎಣಿಸಿದ್ದನ್ನು ಬ್ರೇಕಿನ ಕಂಪ್ಯೂಟರು ಹೇಳುತ್ತದೆ, ಇದು ಕೇಳಿ ಮುಳ್ಳು ತಿರುಗಿಸುತ್ತದೆ. ಆ ಕಡೆಯಿಂದ ಮಾತು ನಿಂತರೆ ಮೀಟರು ಎಚ್ಚರಿಕೆಯಿಂದ ತಾನೇ ಎಬಿಎಸ್ ದೀಪ ಹತ್ತಿಸುತ್ತದೆ. ಬ್ರೇಕು ಕೆಟ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ, ಬ್ರೇಕಿನವನು ಫೋನ್ ಎತ್ತುತ್ತಿಲ್ಲ ಎಂದಷ್ಟೇ ಗೊತ್ತು. ಅಂದು ಸೌತ್ ಎಂಡ್ ಸರ್ಕಲ್ಲಿನಲ್ಲಿ ನನ್ನ ಕಾರಿನ ತುಂಬ ಹತ್ತಿದ್ದು ರೋಗಗಳಲ್ಲ, ಎತ್ತದ ಫೋನುಗಳು.

ಸ್ಕ್ಯಾನರಿನ ಮಿತಿಯೂ ಇದೇ. ಭಾರತ್ ಸ್ಟೇಜ್ ನಾಲ್ಕು ಎಂಬ ಹೊಗೆ ನಿಯಮದ ಕಾರುಗಳಿಗೆ 2010ರ ಏಪ್ರಿಲಿನಲ್ಲಿ ಮೊದಲ ಹಂತದ ಒಬಿಡಿ, ಅಂದರೆ ಕಾರು ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಏರ್ಪಾಡು, 2013ರ ಏಪ್ರಿಲಿನಿಂದ ಎರಡನೆಯದು ಕಡ್ಡಾಯವಾಯಿತು. ಅಂದಿನಿಂದ ಕಾರು ತನ್ನ ಕಷ್ಟವನ್ನು ಸಂಕೇತದಲ್ಲಿ ಬರೆದಿಡುತ್ತದೆ. ಪಿ ಎಂದರೆ ಇಂಜಿನ್ ಗೇರಿನ ಕಡೆಯದು, ಸಿ ಎಂದರೆ ಬ್ರೇಕು ಸ್ಟಿಯರಿಂಗು, ಬಿ ಬಾಡಿ, ಯು ಎಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದ್ದು. ನನ್ನ ಕಾರಿನ ಪಟ್ಟಿಯಲ್ಲಿ ಯು 0155 ಇತ್ತು: ಮೀಟರಿನ ಜೊತೆ ಸಂಪರ್ಕ ತಪ್ಪಿದೆ. ಸರ್ವೀಸ್ ಸೆಂಟರಿನವರು ಅದನ್ನು ಓದಿ ಮೀಟರ್ ಬದಲಿಸಿ ಎಂದರು. ಅದೇ ಪಟ್ಟಿಯ ಕೆಳಗೆ ಪಿ 0562 ಕೂಡ ಇತ್ತು: ವೋಲ್ಟೇಜ್ ಕಮ್ಮಿ. ಅದನ್ನು ಬ್ಯಾಟರಿ ಹಳತಾಗಿದೆ ಎಂದುಕೊಂಡು ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬ್ಯಾಟರಿಯ ಅನುಮಾನ ತಪ್ಪೇನಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಮೊದಲ ಅನುಮಾನ ಅದರ ಮೇಲೆಯೇ ಬರಬೇಕು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ, ಅಲ್ಲಿಂದ ರಾಗಿಗುಡ್ಡಕ್ಕೆ, ವಾಪಸು ಮನೆಗೆ ಎಂದು ಓಡಾಡುವ ಕಾರಿನ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ, 12.2 ಎಂದರೆ ಅರೆಹೊಟ್ಟೆ. ಇಂಜಿನ್ ಓಡುವಾಗ ಸುಮಾರು 13.8ರಿಂದ 14.5 ಬರಬೇಕು. ಸೆಲ್ಫ್ ಹೊಡೆಯುವಾಗ ಒಂಬತ್ತರ ಕೆಳಗಿಳಿದರೆ ಕಂಪ್ಯೂಟರುಗಳಿಗೆ ತಲೆಸುತ್ತು ಬಂದು ಇಲ್ಲದ ದೋಷ ಬರೆದಿಡುತ್ತವೆ. ವಿದ್ಯುತ್ ಕಾರಿನವರೂ ಇದಕ್ಕೆ ಹೊರತಲ್ಲ. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಬಂದ ನಮ್ಮ ರೇವಾ ಎಂಟು ಸೀಸದ ಬ್ಯಾಟರಿಗಳ 48 ವೋಲ್ಟಿನ ಪುಟ್ಟ ಜೀವ. ಇಂದಿನವು ಲಿಥಿಯಂ ಬೆಟ್ಟವನ್ನೇ ಹೊತ್ತು ಓಡುತ್ತವೆ. ಆದರೂ ದೀಪ, ಬೀಗ, ಮೀಟರಿಗೆಂದು ಅವುಗಳಲ್ಲೂ 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಉಂಟು. ಅದು ಸತ್ತರೆ ಆ ಬೆಟ್ಟವಿದ್ದೂ ಕಾರು ಕಣ್ಣು ಬಿಡುವುದಿಲ್ಲ.

ನನ್ನ ಬ್ಯಾಟರಿ ಸರಿಯಿತ್ತು. ಯಜಮಾನರು ಹುಡುಗನನ್ನು ಕರೆದು ಇಂಜಿನ್ ಚಾಲೂ ಮಾಡಿಸಿ, ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿಸಿದರು. ದೀಪಗಳು ಹತ್ತಿದವು. ಮಲ್ಟಿಮೀಟರಿನ ಕರಿ ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗೂಟಕ್ಕೆ ಕಚ್ಚಿಸಿದರು. ಕೆಂಪು ಕಡ್ಡಿಗೆ ಉದ್ದದ ವೈರು ಕಟ್ಟಿ ಒಳಗೆ ತಂದು, ಮೀಟರಿನ ಹಿಂದಿನ ಕಪ್ಲರಿನಲ್ಲಿ ಕಪ್ಪು ವೈರಿನ ಬುಡಕ್ಕೆ ಮುಟ್ಟಿಸಿದರು.

ನೆಗೆಟಿವ್‌ನಿಂದ ನೆಗೆಟಿವ್‌ಗೆ ಹಿಡಿದಿದ್ದಾರೆ, ಸೊನ್ನೆ ತಾನೇ ಬರಬೇಕು ಎಂದುಕೊಂಡೆ. 1.8 ತೋರಿಸಿತು.

"ನೋಡಿ," ಎಂದರು. "ಇದು ಪಾಯಿಂಟ್ ಒನ್, ಪಾಯಿಂಟ್ ಟೂ ಇರಬೇಕು. ಹೋಗೋ ದಾರಿ ಚೆನ್ನಾಗಿದೆ, ಬರೋ ದಾರಿ ಕೆಟ್ಟಿದೆ. ಅರ್ಥ್ ಎಲ್ಲಿದೆ ನೋಡಿ ಅಂತ ಯಾರೂ ನೋಡಲ್ಲ. ಅರ್ಥ್ ಸಿಗಲಿ ಸಾರ್, ಆಮೇಲೆ ಅರ್ಥ ಮಾಡಿಕೊಳ್ಳೋಣ."

ಅವರಿಗೆ ಶ್ಲೇಷೆಯ ಹಂಗಿಲ್ಲ, ಹೇಳಿದ ಮೇಲೆ ಮುಖದಲ್ಲಿ ನಗುವೂ ಇರಲಿಲ್ಲ. ಪಾಸಿಟಿವ್ ವೈರುಗಳಿಗೆ ಬಣ್ಣವುಂಟು, ಫ್ಯೂಸುಂಟು, ನಕ್ಷೆಯಲ್ಲಿ ಹೆಸರುಂಟು. ವಾಪಸು ಬರುವ ಕರೆಂಟಿಗೆ ಕಾರಿನ ತಗಡೇ ದಾರಿ, ಅಲ್ಲಲ್ಲಿ ಕಪ್ಪು ವೈರುಗಳನ್ನು ಗುಂಪಾಗಿ ಒಂದು ಬೋಲ್ಟಿನಿಂದ ತಗಡಿಗೆ ಬಿಗಿದಿರುತ್ತಾರೆ. ಆ ಬೋಲ್ಟಿಗೆ ತುಕ್ಕು ಹಿಡಿದರೆ ಒಂದೇ ಬೋಲ್ಟಿನ ಮೇಲೆ ಕೂತವರೆಲ್ಲ ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಉರಿಯುವ ಕಾರುಗಳನ್ನು ಸಾರಕ್ಕಿ ಸಿಗ್ನಲ್ಲಿನಲ್ಲಿ ನೀವೂ ನೋಡಿರುತ್ತೀರಿ. ಅದೂ ಇದೇ ಕಾಯಿಲೆ. ಸರಿಯಾದ ದಾರಿ ಮುಚ್ಚಿದ ಕರೆಂಟು ಪಕ್ಕದ ಮನೆಯ ಹಿತ್ತಿಲಿನಿಂದ ದಾಟಿಹೋಗುತ್ತದೆ.

ಅವರು ಒಂದು ಉದ್ದ ವೈರಿನ ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಆ ಕಪ್ಪು ವೈರಿಗೆ ಕೊಟ್ಟರು. ನಾನು ನೋಡುತ್ತಿದ್ದಂತೆ ಬ್ಯಾಟರಿ ದೀಪ ಆರಿತು, ಪೆಟ್ರೋಲ್ ಮುಳ್ಳು ನಿಧಾನಕ್ಕೆ ಎದ್ದು ನಿಂತಿತು. ಉಳಿದವು ಇಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದಾಗ ಆರಿದವು. 32,000 ರೂಪಾಯಿಯ ಮೀಟರ್ ಒಂದು ವೈರಿನ ತುದಿಯಲ್ಲಿ ಗುಣವಾಗಿತ್ತು. ಹೊಸದನ್ನು ತಂದು ಕೂರಿಸಿದ್ದರೂ ಅದೂ ಇದೇ ತುಕ್ಕಿನ ಮೇಲೆಯೇ ಕೂರಬೇಕಿತ್ತು.

ಡ್ರೈವರಿನ ಬಲಗಾಲಿನ ಪಕ್ಕದ ಪ್ಲಾಸ್ಟಿಕ್ ಪಟ್ಟಿ ಕಿತ್ತರು. ಹುಡುಗ ಕಾರ್ಪೆಟ್ಟಿನ ಕೆಳಗೆ ಕೈಹಾಕಿ "ಒದ್ದೆ" ಎಂದ. ಬೋಲ್ಟಿನ ಸುತ್ತ ಹಳೆ ದೇವರ ಪಾತ್ರೆಗೆ ಹಿಡಿಯುವಂಥ ಹಸಿರು ಕಿಲುಬು. 10 ಎಂಎಂ ಸ್ಪಾನರ್, ಎಮರಿ ಕಾಗದ, ಚೂರು ವ್ಯಾಸಲೀನ್. ಉಜ್ಜಿ ಬಿಗಿದ ಮೇಲೆ ಮಲ್ಟಿಮೀಟರಿನಲ್ಲಿ 0.03.

ನೀರು ಎಲ್ಲಿಂದ? ಅದಕ್ಕೂ ಉತ್ತರ ನಮ್ಮ ಬೀದಿಯಲ್ಲೇ ಇತ್ತು. ವೈಪರುಗಳ ಕೆಳಗೆ ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ ಇರುತ್ತದಲ್ಲ, ಅದರಡಿ ಒಂದು ಮೋರಿ. ಗಾಜಿನಿಂದಿಳಿದ ನೀರು ಅದರೊಳಗೆ ಹರಿದು ಎರಡು ಬದಿಯ ತೂತುಗಳಿಂದ ಕೆಳಗೆ ಹೋಗಬೇಕು. ಹೊಂಗೆಯ ಎಲೆ ದೊಡ್ಡದು, ಜಾಲರಿಯ ಮೇಲೇ ಉಳಿಯುತ್ತದೆ. ಮಳೆಮರ, ಗುಲ್‌ಮೊಹರ್‌ಗಳ ಪುಡಿ ಎಲೆ ಹಾಗಲ್ಲ, ಜಾಲರಿಯಲ್ಲಿ ಸಲೀಸಾಗಿ ಇಳಿದು ತೂತಿನ ಬಾಯಲ್ಲಿ ಕೊಳೆತು ಬಿರಡೆಯಾಗುತ್ತದೆ. ಮೋರಿ ತುಂಬಿದರೆ ನೀರು ಹೊರಗೆ ಹೋಗದೆ ಒಳಗೆ ಇಳಿಯುತ್ತದೆ. ಹುಡುಗ ಎರಡು ಹಿಡಿ ಕರಿ ಗೊಬ್ಬರ ತೆಗೆದ. ತುಳಸಿ ಕುಂಡಕ್ಕೆ ಹಾಕಬಹುದಿತ್ತು. ಮರಗಳ ನೆರಳಿಗಾಗಿ ಜಯನಗರವನ್ನು ಹೊಗಳದವರಿಲ್ಲ. ನೆರಳಿನ ಬಾಡಿಗೆ ಹೀಗೂ ವಸೂಲಾಗುತ್ತದೆ.

ಮಳೆ ಬಿಟ್ಟರೆ ಇಲ್ಲಿನ ಎರಡನೇ ಅಪರಾಧಿ ಹೆಗ್ಗಣ, ಇಲಿ. ಬಿಸಿ ಇಂಜಿನ್ನಿನ ಮಗ್ಗುಲು ಚಳಿಗಾಲದಲ್ಲಿ ಅವುಗಳಿಗೆ ಹಾಸಿಗೆ. ಬಾಚಿಹಲ್ಲು ಬೆಳೆಯುತ್ತಲೇ ಇರುವ ಪ್ರಾಣಿಗೆ ಕಡಿಯದೆ ವಿಧಿಯಿಲ್ಲ, ಸಿಕ್ಕಿದ್ದು ವೈರು. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲರೂ ಇಡುತ್ತಾರೆ. ಹೊಂಡಾದವರು ಖಾರದ ಅಂಶ ಸವರಿದ ಟೇಪನ್ನೇ ಮಾರುತ್ತಾರೆ. ನಮ್ಮ ಹೆಗ್ಗಣಗಳು ಬ್ಯಾಡಗಿಗೆ ಹೆದರುವ ಪೈಕಿಯೋ ಅಲ್ಲವೋ, ಪ್ರಯೋಗ ಮಾಡಿ ನೋಡಬೇಕು. ಇಲಿ ಕಡಿದದ್ದರ ಗುರುತೆಂದರೆ ರಾತ್ರಿ ಸರಿಯಿದ್ದದ್ದು ಬೆಳಿಗ್ಗೆ ಕೆಟ್ಟಿರುತ್ತದೆ, ಮಳೆಯೂ ಬಂದಿರುವುದಿಲ್ಲ.

ಮೂರನೆಯವರು ನಾವೇ. ಜೆ.ಸಿ. ರಸ್ತೆಯಲ್ಲಿ ಹೆಚ್ಚುವರಿ ಲೈಟು, ಗಟ್ಟಿ ಹಾರ್ನು ಹಾಕಿಸುವಾಗ ಸಿಕ್ಕ ವೈರಿನ ಚರ್ಮ ಸುಲಿದು ಹೊಸ ವೈರು ಸುತ್ತಿ ಟೇಪ್ ಅಂಟಿಸುತ್ತಾರೆ. ಎರಡು ಬೇಸಿಗೆಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಸೀಟ್ ಕವರ್ ಹಾಕಿಸಿ ವಾರದೊಳಗೆ ಏರ್‌ಬ್ಯಾಗ್ ದೀಪ ಬಂದರೆ ಮುಂದಿನ ಸೀಟಿನ ಕೆಳಗಿನ ಹಳದಿ ಕಪ್ಲರ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಬಗ್ಗಿ ನೋಡಬಹುದು, ಆದರೆ ಹಳದಿ ಕಪ್ಲರನ್ನು ಎಳೆದಾಡುವುದು, ಅದಕ್ಕೆ ಟೆಸ್ಟ್ ಲ್ಯಾಂಪ್ ಮುಟ್ಟಿಸುವುದು ಬೇಡ. ಆ ವೈರಿನ ತುದಿಯಲ್ಲಿರುವುದು ಸಿಡಿಮದ್ದು. ಬ್ಯಾಟರಿ ಕಳಚಿ, ಕೆಲ ನಿಮಿಷ ಕಾದು, ಬಲ್ಲವರೇ ಮುಟ್ಟಬೇಕು. 2019ರ ಜುಲೈನಿಂದ ಡ್ರೈವರ್ ಏರ್‌ಬ್ಯಾಗೂ ಸೀಟ್ ಬೆಲ್ಟಿನ ಎಚ್ಚರಿಕೆಯೂ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಮೇಲೆ ಇಂಥ ದೀಪಗಳ ದೂರೇ ದಿನಕ್ಕೊಂದು ಬರುತ್ತದೆ ಎಂದು ಯಜಮಾನರು ಹೇಳಿದರು.

ಲೆಕ್ಕ ಕೇಳಿದೆ. 600 ಎಂದರು. ಸಾವಿರ ಕೊಡಲು ಹೋದರೆ ಚಿಲ್ಲರೆ ಎಣಿಸಿ ಕೈಗಿಟ್ಟರು.

"ಸರಿಹೋಯ್ತು ಅಂತ ಈಗಲೇ ಹೇಳಲ್ಲ ಸಾರ್. ಇನ್ನೊಂದು ಜೋರು ಮಳೆ ಬರಲಿ. ಆಮೇಲೆ ಕಾರ್ಪೆಟ್ ಮುಟ್ಟಿ ನೋಡಿ ಫೋನ್ ಮಾಡಿ."

ಮಳೆ ಬಂದದ್ದು ಗೌರಿ ಹಬ್ಬದ ರಾತ್ರಿ. ಬೆಳಿಗ್ಗೆ ಮೂರ್ತಿ ತರಲು ಗಾಂಧಿ ಬಜಾರಿಗೆ ಹೊರಡಬೇಕಿತ್ತು. ಬಾಗಿಲು ತೆಗೆದು, ಕೂರುವ ಮುಂಚೆ ಕಾರ್ಪೆಟ್ಟಿನ ಕೆಳಗೆ ಅಂಗೈ ಊರಿದೆ. ಒಣಗಿತ್ತು. ಕೀ ತಿರುಗಿಸಿ ಎಣಿಸಿದೆ: ಗಿಂಡಿ, ಪಂಪ್‌ಸೆಟ್ಟು, ಬ್ಯಾಟರಿ, ಏರ್‌ಬ್ಯಾಗು, ಎಬಿಎಸ್ಸು, ಸ್ಟಿಯರಿಂಗು, ಎಲ್ಲವೂ ಹಾಜರು. ಇಂಜಿನ್ ಚಾಲೂ ಮಾಡಿ ವೈಪರ್, ಬ್ಲೋವರ್, ಹೆಡ್‌ಲೈಟ್ ಮೂರನ್ನೂ ಹಾಕಿದೆ. ಒಂದು ಕೆಂಪು ದೀಪ ಮಾತ್ರ ಆರಲಿಲ್ಲ. ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು.